ಜಠರ ತೆಗೆಸಿಕೊಂಡವರಿಗೆ ‘ಗ್ಯಾಸ್ ಮಾತ್ರೆ’: ಯಾರಿಗೆ, ಯಾಕೆ, ಎಷ್ಟು ದಿನ?

ಜಯನಗರ ನಾಲ್ಕನೇ ಬ್ಲಾಕ್ ಇರಲಿ, ಬನಶಂಕರಿ ಬಸ್ ನಿಲ್ದಾಣದ ಆಸುಪಾಸು ಇರಲಿ, ಬಿಟಿಎಂ ಲೇಔಟಿನ ಒಳರಸ್ತೆ ಇರಲಿ, ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಂತರೆ ‘ಒಂದು ಸ್ಟ್ರಿಪ್ ಪ್ಯಾನ್-ಡಿ ಕೊಡಿ’ ಎಂಬ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಡಾಕ್ಟರ ಚೀಟಿ ಎಲ್ಲಿ ಎಂದು ಅಂಗಡಿಯವರು ಕೇಳುವುದು ಅಪರೂಪ. ಎದೆ ಉರಿ, ಹುಳಿ ತೇಗು, ಹೊಟ್ಟೆ ಉಬ್ಬರ, ವಾಕರಿಕೆ, ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರು, ಒಂದೇ ಮಾತ್ರೆ. ಹೀಗೆ ಕೊಂಡೊಯ್ಯುವವರ ನಡುವೆ ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನೇ ತೆಗೆಸಿಕೊಂಡವರೂ ಇರುತ್ತಾರೆ. ಈ ಬರಹ ಅವರಿಗಾಗಿ, ಅವರಿಗೆ ದಿನಾ ಅಡುಗೆ ಮಾಡಿ ಬಡಿಸುವವರಿಗಾಗಿ.

ಪ್ಯಾನ್-ಡಿ ಕ್ಯಾಪ್ಸೂಲಿನಲ್ಲಿ ಎರಡು ಔಷಧಿಗಳಿವೆ. 40 ಮಿಲಿಗ್ರಾಂ ಪ್ಯಾಂಟೊಪ್ರಜೋಲ್, 30 ಮಿಲಿಗ್ರಾಂ ಡೊಂಪೆರಿಡೋನ್. ಮೊದಲನೆಯದು ಜಠರದ ಆಮ್ಲವನ್ನು ತಗ್ಗಿಸುತ್ತದೆ. ಜಠರವನ್ನು ಪೂರ್ತಿ ತೆಗೆದವರಲ್ಲಿ ಆಮ್ಲ ತಯಾರಿಸುವ ಜೀವಕೋಶಗಳೇ ಉಳಿದಿರುವುದಿಲ್ಲ, ಹಾಗಾಗಿ ಅದಕ್ಕೆ ಅಲ್ಲಿ ಮಾಡಲು ಕೆಲಸವೇ ಇಲ್ಲ. ಎರಡನೆಯದು ಆಹಾರವನ್ನು ಮುಂದಕ್ಕೆ ದೂಡಲು ನೆರವಾಗುವ ಔಷಧಿ. ಅದು ಮುಖ್ಯವಾಗಿ ಕೆಲಸ ಮಾಡುವುದು ಜಠರದ ಕೆಳಭಾಗ ಮತ್ತು ಅದಕ್ಕೆ ಅಂಟಿಕೊಂಡ, ಡುವೊಡಿನಮ್ ಎಂಬ ಸಣ್ಣ ಕರುಳಿನ ಆರಂಭದ ಭಾಗದ ಮೇಲೆ. ಆ ಕೆಳಭಾಗವೂ ಹೋಗಿರುತ್ತದೆ, ಡುವೊಡಿನಮ್ ಆಹಾರದ ದಾರಿಯಿಂದಲೇ ಹೊರಗಾಗಿರುತ್ತದೆ. ವಾಕರಿಕೆ ತಗ್ಗಿಸುವ ಗುಣವೊಂದು ಉಳಿದಿರುತ್ತದೆ, ಅದನ್ನು ಅಲ್ಲಗಳೆಯಲಾಗದು. ಆದರೆ ‘ತಿಂದದ್ದು ಇಳಿಯಲಿ’ ಎಂದು ವರ್ಷಗಟ್ಟಲೆ ನುಂಗುವ ಮಾತ್ರೆ ತಿಂದದ್ದನ್ನು ಇಳಿಸುತ್ತಿದೆಯೇ ಎಂಬ ಪ್ರಶ್ನೆಯನ್ನು ಯಾರೂ ಕೇಳಿಕೊಂಡಿರುವುದಿಲ್ಲ. ಆ ಪ್ರಶ್ನೆ ಕೇಳಲೇಬೇಕು ಎಂಬುದೇ ನನ್ನ ಮಾತು. ಹೀಗೆ ಆಹಾರವನ್ನು ದೂಡುವ ‘ಚಲನೆಯ ಔಷಧಿ’ಗಳನ್ನು ನಾನು ವಿರೋಧಿಸುತ್ತಿಲ್ಲ. ಸರಿಯಾದ ಕಾರಣಕ್ಕೆ, ಸರಿಯಾದ ರೋಗಿಗೆ, ಗೊತ್ತಾದ ಅವಧಿಗೆ ಕೊಟ್ಟರೆ ಅವು ದೊಡ್ಡ ಉಪಕಾರ ಮಾಡುತ್ತವೆ.

ದಕ್ಷಿಣ ಬೆಂಗಳೂರಿನಲ್ಲಿ ಈ ವಿಷಯಕ್ಕೆ ತನ್ನದೇ ತೂಕವಿದೆ. ಡಾ. ಎಂ.ಎಚ್. ಮರಿಗೌಡ ರಸ್ತೆಯಲ್ಲಿ, ಜಯನಗರಕ್ಕೂ ಬಿಟಿಎಂ ಲೇಔಟಿಗೂ ಕೈಯಳತೆಯಲ್ಲಿ, ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ ಇದೆ. 1973ರಲ್ಲಿ ಶುರುವಾದ ಈ ಆಸ್ಪತ್ರೆಗೆ ರಾಜ್ಯದ ಎಲ್ಲ ಜಿಲ್ಲೆಗಳಿಂದಲೂ, ಗಡಿಯಾಚೆಯ ಆಂಧ್ರ, ತಮಿಳುನಾಡಿನಿಂದಲೂ ಕ್ಯಾನ್ಸರ್ ರೋಗಿಗಳು ಬರುತ್ತಾರೆ. 1982ರಿಂದ ಇಲ್ಲೇ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯೂ ನಡೆಯುತ್ತಿದೆ. ನಗರದ ಗಂಡಸರನ್ನು ಹೆಚ್ಚಾಗಿ ಕಾಡುವ ಕ್ಯಾನ್ಸರುಗಳ ಸಾಲಿನಲ್ಲಿ ಜಠರದ ಕ್ಯಾನ್ಸರ್ ಬಹುಕಾಲದಿಂದ ಇದೆ ಎಂಬುದು ತಿಳಿದದ್ದು ಆ ಲೆಕ್ಕದಿಂದಲೇ. ಬನ್ನೇರುಘಟ್ಟ ರಸ್ತೆಯ ಉದ್ದಕ್ಕೂ ಖಾಸಗಿ ಆಸ್ಪತ್ರೆಗಳಿವೆ, ಅಲ್ಲೂ ಈ ಶಸ್ತ್ರಚಿಕಿತ್ಸೆ ನಡೆಯುತ್ತದೆ. ಜೊತೆಗೆ ಹಳೆಯ ತಲೆಮಾರಿನವರಿದ್ದಾರೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಹೊಟ್ಟೆ ಹುಣ್ಣಿಗೆ ಆಪರೇಷನ್ ಮಾಡುವುದು ನಮ್ಮ ಕಡೆ ಸಾಮಾನ್ಯವಾಗಿತ್ತು. ಜಠರದ ಮೇಲುಸ್ತುವಾರಿಯ ವೇಗಸ್ ನರ ಕತ್ತರಿಸಿ, ಜಠರಕ್ಕೆ ಕರುಳಿನ ಹೊಸ ದಾರಿ ಹೊಲಿಸಿಕೊಂಡ ಹಿರಿಯರು ಬನಶಂಕರಿ, ಬಸವನಗುಡಿಯ ಮನೆಗಳಲ್ಲಿ ಇಂದಿಗೂ ಸಿಗುತ್ತಾರೆ. ಆ ಹುಣ್ಣುಗಳ ಹಿಂದೆ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಇದೆ ಎಂದು ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ತೋರಿಸಿಕೊಟ್ಟ ಮೇಲೆ ಆ ಆಪರೇಷನ್ನುಗಳು ಬಹುಪಾಲು ನಿಂತವು. ಮಾಡಿಸಿಕೊಂಡವರು ಮಾತ್ರ ಅದರ ಫಲವನ್ನು ಹೊತ್ತುಕೊಂಡೇ ಬದುಕುತ್ತಿದ್ದಾರೆ.

ಜಠರ ಎಂದರೆ ಬರೀ ಚೀಲವಲ್ಲ. ಮೇಲ್ಭಾಗ ಸಡಿಲವಾಗಿ ಊಟಕ್ಕೆ ಜಾಗ ಮಾಡಿಕೊಡುತ್ತದೆ. ಕೆಳಭಾಗ ನಿಮಿಷಕ್ಕೆ ಸುಮಾರು ಮೂರು ಸಲ ಹಿಂಡಿ, ಗಟ್ಟಿ ಆಹಾರವನ್ನು ಒಂದೆರಡು ಮಿಲಿಮೀಟರ್ ಗಾತ್ರದ ಕಣಗಳಾಗುವವರೆಗೆ ಅರೆಯುತ್ತದೆ. ಕೊನೆಯಲ್ಲಿರುವ ಪೈಲೋರಸ್ ಎಂಬ ದ್ವಾರ ಅಷ್ಟಷ್ಟನ್ನೇ ಕರುಳಿಗೆ ಬಿಡುತ್ತದೆ. ಊಟದ ನಡುವಿನ ಖಾಲಿ ಹೊತ್ತಿನಲ್ಲಿ, ಸುಮಾರು ತೊಂಬತ್ತು ನಿಮಿಷದಿಂದ ಎರಡು ಗಂಟೆಗೊಮ್ಮೆ, ಜಠರದಿಂದ ಸಣ್ಣ ಕರುಳಿನ ತುದಿಯವರೆಗೆ ಒಂದು ಬಲವಾದ ಅಲೆ ಹರಿದು ಉಳಿದ ಚೂರುಪಾರನ್ನೆಲ್ಲ ಗುಡಿಸಿಕೊಂಡು ಹೋಗುತ್ತದೆ. ಇದಕ್ಕೆಲ್ಲ ತಾಳ ಹಾಕುವುದು ಕಾಹಾಲ್ ಕೋಶಗಳೆಂಬ ವಿಶೇಷ ಕೋಶಗಳು. ಮೇಲುಸ್ತುವಾರಿ ಮೆದುಳಿನಿಂದ ಇಳಿದು ಬರುವ ವೇಗಸ್ ನರದ್ದು. ಆಪರೇಷನ್ನಿನಲ್ಲಿ ಇವುಗಳಲ್ಲಿ ಯಾವುದು ಹೋಯಿತು, ಯಾವುದು ಉಳಿಯಿತು ಎಂಬುದರ ಮೇಲೆ ಮುಂದಿನ ತೊಂದರೆ ನಿಂತಿದೆ.

ವಿಯೆನ್ನಾದಲ್ಲಿ 1881ರ ಜನವರಿಯಲ್ಲಿ ಥಿಯೋಡೋರ್ ಬಿಲ್‌ರಾತ್ ಜಠರದ ಕೆಳಭಾಗವನ್ನು ಮೊದಲ ಬಾರಿ ಯಶಸ್ವಿಯಾಗಿ ತೆಗೆದರು. 1897ರಲ್ಲಿ ಜ್ಯೂರಿಕ್‌ನ ಕಾರ್ಲ್ ಶ್ಲಾಟರ್ ಪೂರ್ತಿ ಜಠರವನ್ನೇ ತೆಗೆದು ರೋಗಿಯನ್ನು ಉಳಿಸಿದರು. ಅದೇ ಕಾಲದಲ್ಲಿ ಲೋಸಾನ್‌ನ ಸೀಸರ್ ರೂ ರೂಢಿಗೆ ತಂದ ಜೋಡಣೆಯನ್ನೇ ಇಂದು ಬೆಂಗಳೂರಿನಲ್ಲೂ ಹೆಚ್ಚಾಗಿ ಬಳಸುತ್ತಾರೆ. ಡಿಸ್ಚಾರ್ಜ್ ಚೀಟಿಯಲ್ಲಿ ‘ರೂ-ಎನ್-ವೈ’ ಎಂದು ಬರೆದಿರುವುದು ಅದನ್ನೇ. ಸಣ್ಣ ಕರುಳಿನ ಮೇಲಿನ ಭಾಗ, ಅಂದರೆ ಜೆಜುನಮ್ಮನ್ನು ಕತ್ತರಿಸಿ, ಕೆಳಗಿನ ತುದಿಯನ್ನು ಮೇಲಕ್ಕೆಳೆದು ಅನ್ನನಾಳಕ್ಕೆ ಹೊಲಿಯುತ್ತಾರೆ. ಪಿತ್ತ ಮತ್ತು ಮೇದೋಜೀರಕ ರಸ ಬರುವ ದಾರಿಯನ್ನು ಇನ್ನಷ್ಟು ಕೆಳಗೆ ಸೇರಿಸುತ್ತಾರೆ. ಪಿತ್ತ ಅನ್ನನಾಳಕ್ಕೆ ಹಿಮ್ಮುಖವಾಗಿ ಬರದಿರಲಿ ಎಂಬುದೇ ಇದರ ಉದ್ದೇಶ.

ಇದರಲ್ಲೊಂದು ತೊಡಕಿದೆ. ಸಣ್ಣ ಕರುಳಿನ ತಾಳ ಹುಟ್ಟುವುದು ಡುವೊಡಿನಮ್ಮಿನಲ್ಲಿ, ನಿಮಿಷಕ್ಕೆ ಹನ್ನೊಂದು ಹನ್ನೆರಡು ಅಲೆಗಳಂತೆ. ಜೆಜುನಮ್ಮನ್ನು ಕತ್ತರಿಸಿದಾಗ ಮೇಲಕ್ಕೆಳೆದ ಭಾಗಕ್ಕೆ ಆ ತಾಳ ತಲುಪುವುದಿಲ್ಲ. ಅದು ತನ್ನೊಳಗೇ ಎಲ್ಲೋ ಒಂದು ಹೊಸ ತಾಳ ಹುಟ್ಟಿಸಿಕೊಳ್ಳುತ್ತದೆ. ಕೆಲವರಲ್ಲಿ ಆ ಹೊಸ ಅಲೆ ಕೆಳಕ್ಕೆ ಹೋಗುವ ಬದಲು ಮೇಲಕ್ಕೆ ಓಡುತ್ತದೆ. ನಾಲ್ಕು ತುತ್ತು ತಿಂದ ಕೂಡಲೇ ಎದೆಯವರೆಗೆ ತುಂಬಿಕೊಂಡಂತಾಗುವುದು, ನೋವು, ಗಂಟೆಗಳ ನಂತರ ತಿಂದದ್ದೇ ವಾಂತಿಯಾಗುವುದು ಇದರ ಲಕ್ಷಣ. ವೈದ್ಯರು ಇದನ್ನು ರೂ ಸ್ಟೇಸಿಸ್ ಎನ್ನುತ್ತಾರೆ. ಎಂಡೋಸ್ಕೊಪಿಯಲ್ಲಿ ದಾರಿ ಸಲೀಸಾಗಿ ತೆರೆದೇ ಕಾಣುತ್ತದೆ, ಆಹಾರ ಮಾತ್ರ ಮುಂದೆ ಸಾಗುವುದಿಲ್ಲ. ರೋಗಿ ಹೇಳಿದ್ದನ್ನು ಮನೆಯವರು ನಂಬದಿರುವ ಕಾಯಿಲೆ ಇದು. ‘ರಿಪೋರ್ಟೆಲ್ಲ ನಾರ್ಮಲ್ ಇದೆ, ಸುಮ್ಮನೆ ತಿನ್ನು’ ಎಂದು ಒತ್ತಾಯಿಸುವ ಮೊದಲು ಇದನ್ನು ತಿಳಿದಿರಬೇಕು.

ಚಲನೆಯ ಔಷಧಿಗಳಿಗೆ ನ್ಯಾಯವಾದ ಸಂದರ್ಭಗಳು ಎರಡು. ಒಂದು ಈ ರೂ ಸ್ಟೇಸಿಸ್. ಇನ್ನೊಂದು ಜಠರದ ಕೆಳಭಾಗ ಮಾತ್ರ ತೆಗೆದವರದು. ಉಳಿದ ಮೇಲ್ಭಾಗಕ್ಕೆ ಅರೆಯುವ ಶಕ್ತಿಯಿಲ್ಲ, ವೇಗಸ್ ನರವೂ ಕತ್ತರಿಸಿದ್ದರೆ ದೂಡುವ ಶಕ್ತಿಯೂ ಕುಂದಿರುತ್ತದೆ. ಆಪರೇಷನ್ ಆದ ಮೊದಲ ವಾರಗಳಲ್ಲಿ ಇಂಥವರಿಗೆ ಆಹಾರ ಇಳಿಯುವುದು ನಿಧಾನವಾಗುತ್ತದೆ. ಹೆಚ್ಚಿನವರಲ್ಲಿ ದಿನ ಕಳೆದಂತೆ ಸರಿಹೋಗುತ್ತದೆ. ಆ ನಡುಗಾಲ ದಾಟಿಸಲು ಔಷಧಿ ನೆರವಾಗುತ್ತದೆ. ಈ ಗುಂಪಿನವರಿಗೆ ಆಮ್ಲ ತಗ್ಗಿಸುವ ಮಾತ್ರೆಯೂ ಬೇಕಾಗಬಹುದು, ಏಕೆಂದರೆ ಆಮ್ಲ ತಯಾರಿಸುವ ಭಾಗ ಅವರಲ್ಲಿ ಉಳಿದಿದೆ. ಪೂರ್ತಿ ತೆಗೆದವರಿಗೆ ಹೇಳಿದ ಮಾತನ್ನು ಇವರು ತಮಗೆ ಅನ್ವಯಿಸಿಕೊಳ್ಳಬಾರದು.

ಔಷಧಿಗಳಲ್ಲಿ ಹಳೆಯದು ಮೆಟೊಕ್ಲೊಪ್ರಮೈಡ್. ವಾಂತಿ ನಿಲ್ಲಿಸುತ್ತದೆ, ಜಠರವನ್ನೂ ಚುರುಕಾಗಿಸುತ್ತದೆ. ಆದರೆ ಮೆದುಳಿಗೂ ಹೋಗುತ್ತದೆ. ಬಹಳ ದಿನ ತೆಗೆದುಕೊಂಡರೆ ತುಟಿ, ನಾಲಿಗೆ, ದವಡೆ ತಾವಾಗಿಯೇ ಆಡುತ್ತಿರುವ ತೊಂದರೆ ಬರಬಹುದು, ಮಾತ್ರೆ ಬಿಟ್ಟ ಮೇಲೂ ಅದು ಹೋಗದೆ ಉಳಿಯಬಹುದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2009ರಲ್ಲಿ ಈ ಬಗ್ಗೆ ಕಟ್ಟುನಿಟ್ಟಿನ ಎಚ್ಚರಿಕೆ ಸೇರಿಸಿತು, ಹನ್ನೆರಡು ವಾರ ಮೀರಬಾರದು ಎಂದಿತು. ಯುರೋಪಿನ ಸಂಸ್ಥೆ 2013ರಲ್ಲಿ ಇನ್ನೂ ಬಿಗಿ ಮಾಡಿ, ಐದು ದಿನಕ್ಕಿಂತ ಹೆಚ್ಚು ಬೇಡ ಎಂದಿತು.

ಡೊಂಪೆರಿಡೋನ್ ಮೆದುಳಿಗೆ ಅಷ್ಟಾಗಿ ಹೋಗದು, ಹಾಗಾಗಿ ಅಂಥ ತೊಂದರೆಯ ಭಯ ಕಡಿಮೆ. ಅದರ ಅಪಾಯ ಹೃದಯಕ್ಕೆ. ಬಡಿತದ ವಿದ್ಯುತ್ ಲಯವನ್ನು ಅದು ಏರುಪೇರು ಮಾಡಬಲ್ಲದು. ಯುರೋಪಿನ ಸಂಸ್ಥೆ 2014ರಲ್ಲಿ ಕೊಟ್ಟ ಸಲಹೆ ಹೀಗಿದೆ: ವಯಸ್ಕರಿಗೆ 10 ಮಿಲಿಗ್ರಾಂನಂತೆ ದಿನಕ್ಕೆ ಹೆಚ್ಚೆಂದರೆ ಮೂರು ಸಲ, ಸಾಮಾನ್ಯವಾಗಿ ಒಂದು ವಾರದೊಳಗೆ, ಅದೂ ವಾಂತಿ ವಾಕರಿಕೆಗೆ ಮಾತ್ರ. ಅರವತ್ತು ದಾಟಿದವರಲ್ಲಿ ಮತ್ತು ದಿನಕ್ಕೆ 30 ಮಿಲಿಗ್ರಾಂ ಮೀರಿದಾಗ ಅಪಾಯ ಹೆಚ್ಚು ಎಂದೂ ಅದು ಹೇಳಿತು.

ಈಗ ಮನೆಯ ಔಷಧಿ ಡಬ್ಬಿ ತೆರೆದು ಲೆಕ್ಕ ಹಾಕಿ. ಬೆಳಿಗ್ಗೆ ತಿಂಡಿಗೆ ಮೊದಲು ಒಂದು ಪ್ಯಾನ್-ಡಿ, ಅದರಲ್ಲಿ ನಿಧಾನವಾಗಿ ಬಿಡುಗಡೆಯಾಗುವ 30 ಮಿಲಿಗ್ರಾಂ ಡೊಂಪೆರಿಡೋನ್. ಇಡೀ ದಿನದ ಮಿತಿ ಅಲ್ಲಿಗೇ ಮುಗಿಯಿತು. ‘ವಾಂತಿ ಬಂದ ಹಾಗಾದರೆ ತಗೊಳ್ಳಿ’ ಎಂದು ಇನ್ನೊಬ್ಬ ಡಾಕ್ಟರು ಬರೆದುಕೊಟ್ಟ ಡೊಮ್‌ಸ್ಟಾಲ್ ಊಟಕ್ಕೆ ಮುಂಚೆ ಮೂರು ಹೊತ್ತು ಸೇರಿದರೆ ಮತ್ತೆ 30. ಎರಡೂ ಕೂಡಿ 60, ಮಿತಿಯ ಎರಡರಷ್ಟು. ಎರಡು ಸ್ಟ್ರಿಪ್ಪುಗಳ ಬಣ್ಣ ಬೇರೆ, ಹೆಸರು ಬೇರೆ. ಒಳಗಿರುವುದು ಒಂದೇ ಎಂದು ಮನೆಯವರಿಗೆ ತಿಳಿಯುವ ಬಗೆ ಹೇಗೆ? ರೋಗಿ ಕೀಮೋಥೆರಪಿಯಲ್ಲಿದ್ದರೆ ವಾಂತಿಗೆ ಆಂಡಾನ್ಸೆಟ್ರಾನ್ ಇರುತ್ತದೆ, ಅದೂ ಹೃದಯದ ಲಯವನ್ನು ಮುಟ್ಟುತ್ತದೆ. ಬಾಯಲ್ಲಿ ಬಿಳಿ ಹುಣ್ಣಾಗಿ ಫ್ಲುಕೊನಜೋಲ್ ಕೊಟ್ಟರೆ ಅದು ಡೊಂಪೆರಿಡೋನ್ ದೇಹದಿಂದ ಹೊರಹೋಗುವುದನ್ನೇ ತಡೆಯುತ್ತದೆ. ಒಂದೊಂದೂ ಬೇರೆ ಬೇರೆ ಚೀಟಿಯಲ್ಲಿ ನಿರಪರಾಧಿಯಾಗಿ ಕಾಣುತ್ತದೆ. ಎಲ್ಲ ಚೀಟಿಗಳನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡುವ ಒಬ್ಬ ವೈದ್ಯರು ಬೇಕು. ಹೃದಯದ ಲಯ ನೋಡಲು ಒಂದು ಇಸಿಜಿ ತೆಗೆಸುವುದಕ್ಕೆ ಹತ್ತು ನಿಮಿಷ ಸಾಕು.

ಲೆವೊಸಲ್ಪಿರೈಡ್ ನಮ್ಮಲ್ಲಿ ಬಹಳ ಓಡುವ ಇನ್ನೊಂದು ಔಷಧಿ, ಆಮ್ಲದ ಮಾತ್ರೆಯ ಜೊತೆ ಕೂಡಿಸಿದ ಕ್ಯಾಪ್ಸೂಲಾಗಿ ಸಿಗುತ್ತದೆ. ಇದು ಮೆದುಳಿಗೆ ಹೋಗುತ್ತದೆ. ವಯಸ್ಸಾದವರಲ್ಲಿ ಕೈ ನಡುಕ, ಕಾಲೆಳೆದು ನಡೆಯುವುದು, ಮುಖ ಭಾವಹೀನವಾಗುವುದು, ಹೀಗೆ ಪಾರ್ಕಿನ್ಸನ್ ರೋಗವನ್ನೇ ಹೋಲುವ ಲಕ್ಷಣಗಳನ್ನು ಇದು ತಂದದ್ದನ್ನು ಕೊರಿಯಾದ ನರವೈದ್ಯರು ವರದಿ ಮಾಡಿದ್ದಾರೆ. ಹೆಂಗಸರಲ್ಲಿ ಮುಟ್ಟು ಏರುಪೇರಾಗುವುದು, ಎದೆಯಲ್ಲಿ ಹಾಲು ಬರುವುದು ಉಂಟು. ಹೊಟ್ಟೆಗೆಂದು ನುಂಗುವ ಮಾತ್ರೆಗೂ ಕೈ ನಡುಕಕ್ಕೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. ನಡುಕಕ್ಕೆ ಮತ್ತೊಂದು ಮಾತ್ರೆ ಶುರುವಾಗುತ್ತದೆ. ಅಪ್ಪನಿಗೆ ಇತ್ತೀಚೆಗೆ ಕೈ ನಡುಗುತ್ತಿದೆ ಎಂದು ನರವೈದ್ಯರ ಬಳಿ ಹೋಗುವಾಗ ಹೊಟ್ಟೆಯ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ.

ಎರಿತ್ರೊಮೈಸಿನ್ ಎಲ್ಲರಿಗೂ ಗೊತ್ತಿರುವುದು ಆ್ಯಂಟಿಬಯೋಟಿಕ್ ಆಗಿ. ಮೋಟಿಲಿನ್ ಎಂಬ ಹಾರ್ಮೋನಿನಂತೆ ನಟಿಸಿ ಅದು ಜಠರವನ್ನು ಬಲವಾಗಿ ಹಿಂಡಿಸುತ್ತದೆ ಎಂದು 1980ರ ದಶಕದಲ್ಲಿ ಜಪಾನಿನ ಸಂಶೋಧಕರು ಕಂಡುಕೊಂಡರು. ಆಸ್ಪತ್ರೆಯಲ್ಲಿ ಕೆಲವು ದಿನಕ್ಕೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಕೆಲವೇ ವಾರಗಳಲ್ಲಿ ದೇಹ ಒಗ್ಗಿಕೊಂಡು ಫಲ ಕುಗ್ಗುತ್ತದೆ. ಮೋಟಿಲಿನ್ನಿನ ಗ್ರಾಹಕಗಳು ದಟ್ಟವಾಗಿರುವುದು ಜಠರದ ಕೆಳಭಾಗ ಮತ್ತು ಡುವೊಡಿನಮ್ಮಿನಲ್ಲಿ. ಆದ್ದರಿಂದ ಪೂರ್ತಿ ಜಠರ ಹೋದವರಲ್ಲಿ ಅದರಿಂದ ಹೆಚ್ಚು ನಿರೀಕ್ಷಿಸುವಂತಿಲ್ಲ. ಡೊಂಪೆರಿಡೋನ್ ಜೊತೆ ಇದನ್ನು ಕೊಡಲೇಬಾರದು.

ಸಣ್ಣ ಕರುಳು, ದೊಡ್ಡ ಕರುಳಿನವರೆಗೂ ಚಲನೆ ಹೆಚ್ಚಿಸುವುದು ಪ್ರುಕಲೊಪ್ರೈಡ್. ಅದಕ್ಕೆ ಅನುಮತಿ ಇರುವುದು ಹಳೆಯ ಮಲಬದ್ಧತೆಗೆ. ಜಠರವಿಲ್ಲದವರಿಗೆ ಬೇಕಿರುವುದು ಕರುಳನ್ನು ಚುರುಕಾಗಿಸುವ ಔಷಧಿಯೇ ಆದ್ದರಿಂದ ತಜ್ಞರು ಇಂಥದ್ದನ್ನು ಯೋಚಿಸಿ ಪ್ರಯತ್ನಿಸುತ್ತಾರೆ, ವಯಸ್ಸಾದವರಿಗೆ ಅರ್ಧ ಪ್ರಮಾಣದಿಂದ ಶುರುಮಾಡುತ್ತಾರೆ. ಮೊಸಪ್ರೈಡ್, ಐಟೊಪ್ರೈಡ್ ಕೂಡ ನಮ್ಮ ಅಂಗಡಿಗಳಲ್ಲಿವೆ. ಒಂದು ಕಾಲದಲ್ಲಿ ಇವೆಲ್ಲಕ್ಕಿಂತ ಜನಪ್ರಿಯವಾಗಿದ್ದ ಸಿಸಪ್ರೈಡ್ ಹೃದಯದ ಲಯ ಕೆಡಿಸುತ್ತದೆಂದು ಅಮೆರಿಕದಲ್ಲಿ 2000ದಲ್ಲೇ ಹಿಂದೆ ಸರಿಯಿತು. ಭಾರತದಲ್ಲಿ ಅದನ್ನು ನಿಷೇಧಿಸಿದ್ದು 2011ರಲ್ಲಿ. ಈ ಹನ್ನೊಂದು ವರ್ಷದ ಅಂತರ ನನ್ನನ್ನು ಇಂದಿಗೂ ಕಾಡುತ್ತದೆ.

ಇಷ್ಟೆಲ್ಲ ಹೇಳಿದ್ದು ಚಲನೆ ನಿಧಾನವಾದವರ ವಿಷಯ. ಜಠರ ತೆಗೆದ ಬಹಳಷ್ಟು ಜನರ ತೊಂದರೆ ಇದಕ್ಕೆ ತದ್ವಿರುದ್ಧ. ಅಷ್ಟಷ್ಟೇ ಬಿಡುವ ಪೈಲೋರಸ್ ದ್ವಾರ ಹೋಗಿದೆ. ನುಂಗಿದ್ದು ನೇರ ಕರುಳಿಗೆ ಸುರಿಯುತ್ತದೆ. ಹಬ್ಬದ ದಿನ ಒಂದು ಹೋಳಿಗೆ, ಮೇಲೊಂದು ಲೋಟ ಪಾನಕ ಎಂದುಕೊಳ್ಳಿ. ಸಕ್ಕರೆಯ ಗಟ್ಟಿ ದ್ರಾವಣ ಕರುಳಿಗೆ ಒಮ್ಮೆಲೇ ಇಳಿದಾಗ ರಕ್ತದಿಂದ ನೀರು ಕರುಳಿನೊಳಗೆ ಧಾವಿಸುತ್ತದೆ. ಹತ್ತರಿಂದ ಮೂವತ್ತು ನಿಮಿಷದಲ್ಲಿ ಹೊಟ್ಟೆ ಗುಡುಗುಡು ಎನ್ನುತ್ತದೆ, ಎದೆ ಡವಡವ ಹೊಡೆದುಕೊಳ್ಳುತ್ತದೆ, ಬೆವರು, ತಲೆಸುತ್ತು, ಭೇದಿ. ಒಂದರಿಂದ ಮೂರು ಗಂಟೆಯ ನಂತರ ಎರಡನೇ ಹೊಡೆತ ಬರಬಹುದು: ಸಕ್ಕರೆಗೆ ಪ್ರತಿಯಾಗಿ ಇನ್ಸುಲಿನ್ ಅತಿಯಾಗಿ ಹರಿದು ರಕ್ತದ ಸಕ್ಕರೆ ಕುಸಿಯುತ್ತದೆ. ಕೈಕಾಲು ನಡುಗಿ ಕಣ್ಣು ಕತ್ತಲಿಡುತ್ತದೆ. ಡಯಾಬಿಟಿಸ್ ಮಾತ್ರೆಯಲ್ಲಿರುವವರಿಗೆ ಇದು ಇನ್ನೂ ಅಪಾಯಕರ. ಇದರ ಹೆಸರು ಡಂಪಿಂಗ್.

ಇದನ್ನೂ ನಮ್ಮವರು ‘ಗ್ಯಾಸ್ ಆಗಿದೆ’ ಎಂದೇ ಹೇಳುತ್ತಾರೆ. ಅಂಗಡಿಯಿಂದ ಚಲನೆ ಹೆಚ್ಚಿಸುವ ಮಾತ್ರೆಯನ್ನೇ ತರುತ್ತಾರೆ. ಮೊದಲೇ ಓಡುತ್ತಿರುವುದನ್ನು ಇನ್ನಷ್ಟು ಓಡಿಸುವ ಮಾತ್ರೆ! ಡಂಪಿಂಗ್ ಇರುವವರಿಗೆ ಬೇಕಾದದ್ದು ನಿಧಾನ. ಸಕ್ಕರೆ ಬೆಲ್ಲ ಕಡಿಮೆ ಮಾಡುವುದು, ಊಟದ ಜೊತೆ ನೀರು ಕುಡಿಯದೆ ಅರ್ಧ ಗಂಟೆ ಬಿಟ್ಟು ಕುಡಿಯುವುದು, ದಿನಕ್ಕೆ ಆರು ಸಣ್ಣ ಊಟ, ಪ್ರತಿ ಊಟದಲ್ಲೂ ಬೇಳೆ, ಮೊಟ್ಟೆ, ಮೊಸರು, ಪನೀರ್‌ನಂಥ ಪ್ರೋಟೀನ್. ಹೆಚ್ಚಿನವರಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಸಕ್ಕರೆ ಕುಸಿತಕ್ಕೆ ಅಕಾರ್ಬೋಸ್, ತೀವ್ರವಾದರೆ ಆಕ್ಟ್ರಿಯೋಟೈಡ್ ಚುಚ್ಚುಮದ್ದು ಕೊಡುತ್ತಾರೆ. ತೂಕ ಇಳಿಸಲು ಜಠರವನ್ನು ತೋಳಿನಂತೆ ಕಿರಿದು ಮಾಡಿಸಿಕೊಂಡ ಸ್ಲೀವ್ ಗ್ಯಾಸ್ಟ್ರೆಕ್ಟಮಿಯವರಲ್ಲೂ ಆಹಾರ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಅವರೂ ‘ಗ್ಯಾಸ್ ಮಾತ್ರೆ’ಗೆ ಕೈ ಹಾಕುವ ಮುನ್ನ ಯೋಚಿಸಬೇಕು. ಅವರಲ್ಲಿ ಕೆಲವರು ಈಗ ತೂಕ ಮರಳಿ ಏರಿತೆಂದು ಸೆಮಾಗ್ಲುಟೈಡ್ ಚುಚ್ಚಿಸಿಕೊಳ್ಳುತ್ತಾರೆ. ಅದು ಜಠರವನ್ನು ನಿಧಾನಗೊಳಿಸುವ ಔಷಧಿ. ಒಂದು ಕೈಯಲ್ಲಿ ಅದು, ಇನ್ನೊಂದು ಕೈಯಲ್ಲಿ ಡೊಂಪೆರಿಡೋನ್ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಮೂರನೆಯ ಸಾಧ್ಯತೆಯೇ ಎಲ್ಲಕ್ಕಿಂತ ಮುಖ್ಯ: ದಾರಿಯೇ ಮುಚ್ಚಿರುವುದು. ಹೊಲಿಗೆ ಹಾಕಿದ ಜಾಗ ಗಾಯ ಮಾಯುವಾಗ ಬಿಗಿದು ಕಿರಿದಾಗುತ್ತದೆ. ಕರುಳು ಕರುಳಿಗೆ ಅಂಟಿಕೊಂಡು ಮಡಚುತ್ತದೆ. ರೂ ಜೋಡಣೆಯ ಹಿಂದಿನ ಸಂದಿಯಲ್ಲಿ ಕರುಳು ನುಸುಳಿ ಸಿಕ್ಕಿಕೊಳ್ಳುತ್ತದೆ. ಕ್ಯಾನ್ಸರ್ ಮರಳಿರಬಹುದು. ಮುಚ್ಚಿದ ದಾರಿಯಲ್ಲಿ ಬಲವಂತವಾಗಿ ದೂಡುವ ಔಷಧಿ ಕೊಟ್ಟರೆ ನೋವು ಹೆಚ್ಚುತ್ತದೆ, ಕರುಳು ಹರಿಯುವ ಅಪಾಯವೂ ಇದೆ. ಅದಕ್ಕೇ ಇಂಥವರಲ್ಲಿ ಹೊಸದಾಗಿ ವಾಂತಿ ಶುರುವಾದರೆ ಮೊದಲು ಎಂಡೋಸ್ಕೊಪಿ ಅಥವಾ ಸಿಟಿ ಸ್ಕ್ಯಾನ್, ಆಮೇಲೆ ಮಾತ್ರೆ. ಈ ಕ್ರಮ ತಪ್ಪಬಾರದು.

ಊಟದ್ದೇ ಕಾರಣದಿಂದ ದಾರಿ ಮುಚ್ಚುವುದೂ ಉಂಟು. ನಮ್ಮ ಕಡೆ ಇದನ್ನು ಬಿಡಿಸಿ ಹೇಳಬೇಕು. ಮಂಡ್ಯ, ಹಾಸನ, ತುಮಕೂರು, ಕೋಲಾರದ ಕಡೆಯಿಂದ ಬಂದು ಆಪರೇಷನ್ ಮಾಡಿಸಿಕೊಂಡು ಊರಿಗೆ ಮರಳುವವರಿಗೆ ಊಟವೆಂದರೆ ಮುದ್ದೆ. ಮುದ್ದೆಯನ್ನು ಅಗಿಯುವುದಿಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಚೆನ್ನಾಗಿರುವ ಜಠರ ಆ ತುತ್ತನ್ನು ಅರೆದು ಕರಗಿಸುತ್ತದೆ. ಅರೆಯುವ ಭಾಗವಿಲ್ಲದವರಲ್ಲಿ ಅಂಟು ಉಂಡೆ ಅಖಂಡವಾಗಿ ಹೊಲಿಗೆಯ ಕಿರಿದಾದ ಬಾಯಿಗೆ ಹೋಗಿ ಕೂರಬಹುದು. ನುಗ್ಗೆಕಾಯಿಯ ನಾರು, ಕಿತ್ತಳೆ ತೊಳೆಯ ಸಿಪ್ಪೆ, ಹಲಸಿನ ರಚ್ಚೆ ಸರಿಯಾಗಿ ಅಗಿಯದೆ ಹೋದರೆ ಉಳಿದ ಜಠರದಲ್ಲಿ ಸೇರಿ ಗಂಟಾಗುತ್ತವೆ. ಮುದ್ದೆಯ ಬದಲು ಸಕ್ಕರೆ ಬೆಲ್ಲ ಹಾಕದ, ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯನ್ನು ಸ್ವಲ್ಪ ಸ್ವಲ್ಪವೇ ಕುಡಿಯಬಹುದು. ರಾಗಿ ಬಿಡಬೇಕಾಗಿಲ್ಲ, ನುಂಗುವ ಅಭ್ಯಾಸ ಬಿಡಬೇಕು. ಹೊಟ್ಟೆಯೊಳಗೆ ನಡೆಯುತ್ತಿದ್ದ ಅರೆತ ಇನ್ನು ಹಲ್ಲುಗಳಿಂದಲೇ ಆಗಬೇಕು. ಹಲ್ಲಿಲ್ಲದ ಅಜ್ಜನಿಗೆ ಮೊದಲು ದಂತವೈದ್ಯರ ಬಳಿ ಹಲ್ಲುಸೆಟ್ಟು ಮಾಡಿಸಿಕೊಡುವುದು ಡೊಂಪೆರಿಡೋನ್‌ಗಿಂತ ಹೆಚ್ಚು ಫಲ ಕೊಟ್ಟೀತು.

ನಿಧಾನವೋ ವೇಗವೋ ಎಂದು ಅಂದಾಜಿನ ಬದಲು ಅಳೆದು ನೋಡುವ ದಾರಿಯೂ ಇದೆ. ಜಠರದ ಭಾಗವಾದರೂ ಉಳಿದಿರುವವರಿಗೆ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಒಂದು ಪರೀಕ್ಷೆ ಮಾಡುತ್ತಾರೆ. ಅತ್ಯಲ್ಪ ಪ್ರಮಾಣದ ಟೆಕ್ನೀಷಿಯಂ ಎಂಬ ವಿಕಿರಣ ವಸ್ತು ಬೆರೆಸಿದ ಆಹಾರ ತಿನ್ನಿಸಿ, ನಾಲ್ಕು ಗಂಟೆಯವರೆಗೆ ಆಗಾಗ ಕ್ಯಾಮೆರಾದಡಿ ಚಿತ್ರ ತೆಗೆಯುತ್ತಾರೆ. ಪಾಶ್ಚಾತ್ಯ ದೇಶಗಳಲ್ಲಿ ಇದಕ್ಕೆ ಮೊಟ್ಟೆ ಮತ್ತು ಬ್ರೆಡ್ ಕೊಡುತ್ತಾರೆ. ದಕ್ಷಿಣ ಭಾರತದ ವೈದ್ಯರು ಇಡ್ಲಿ ಬಳಸಿಯೂ ಇದನ್ನು ಮಾಡಿದ್ದಾರೆ, ಮೊಟ್ಟೆ ಮುಟ್ಟದವರಿಗೆ ಇದರಿಂದ ದೊಡ್ಡ ಅನುಕೂಲ. ಆರೋಗ್ಯವಂತರಲ್ಲಿ ನಾಲ್ಕನೇ ಗಂಟೆಗೆ ಶೇ 10ಕ್ಕಿಂತ ಹೆಚ್ಚು ಆಹಾರ ಜಠರದಲ್ಲಿ ಉಳಿಯಬಾರದು. ಆಪರೇಷನ್ ಆದವರಿಗೆ ಈ ಅಂಕಿ ನೇರವಾಗಿ ಅನ್ವಯಿಸದು, ಆದರೂ ಆಹಾರ ಸುರಿಯುತ್ತಿದೆಯೋ ನಿಂತಿದೆಯೋ ಎಂಬುದಂತೂ ಸ್ಪಷ್ಟವಾಗುತ್ತದೆ.

ಚಲನೆಯ ಮಾತ್ರೆ ಫಲಿಸದಿದ್ದಾಗ ಅದರ ವಿರುದ್ಧ ಕೆಲಸ ಮಾಡುವ ಇನ್ನೊಂದು ಮಾತ್ರೆ ಡಬ್ಬಿಯಲ್ಲೇ ಇರುವ ಸಾಧ್ಯತೆ ಹೆಚ್ಚು. ನೋವಿಗೆ ಕೊಟ್ಟ ಟ್ರಾಮಡಾಲ್, ಮಾರ್ಫಿನ್ ಕರುಳನ್ನು ಮಂಕಾಗಿಸುತ್ತವೆ. ಹೊಟ್ಟೆ ಹಿಡಿತಕ್ಕೆ ನುಂಗುವ ಡೈಸೈಕ್ಲೊಮಿನ್ ಕರುಳಿನ ಚಲನೆಯನ್ನೇ ತಡೆಯುತ್ತದೆ. ನಿದ್ದೆಗೆಂದು ಕೊಟ್ಟ ಅಮಿಟ್ರಿಪ್ಟಿಲಿನ್ ಕೂಡ ಹಾಗೆಯೇ. ಕಬ್ಬಿಣಾಂಶದ ಮಾತ್ರೆ ಮಲಬದ್ಧತೆ ತರುತ್ತದೆ. ಹೊಟ್ಟೆ ಉಬ್ಬರಕ್ಕೆ ಬೇರೆ ಕಾರಣಗಳೂ ಇವೆ. ಆಮ್ಲದ ಕಾವಲು ಹೋದ ಮೇಲೆ ಸಣ್ಣ ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆಯುತ್ತವೆ, ಅದಕ್ಕೆ ರಿಫಾಕ್ಸಿಮಿನ್‌ನಂಥ ಆ್ಯಂಟಿಬಯೋಟಿಕ್ ಬೇಕು. ಆಹಾರವೂ ಮೇದೋಜೀರಕ ರಸವೂ ಸರಿಯಾದ ಹೊತ್ತಿಗೆ ಕೂಡದೆ ಹೋದರೆ ಮಲ ಜಿಡ್ಡಾಗಿ ತೇಲುತ್ತದೆ, ತೂಕ ಇಳಿಯುತ್ತದೆ, ಅದಕ್ಕೆ ಊಟದ ಜೊತೆ ಕಿಣ್ವದ ಕ್ಯಾಪ್ಸೂಲ್ ಬೇಕು. ಇವು ಯಾವುದನ್ನೂ ಡೊಂಪೆರಿಡೋನ್ ಗುಣಪಡಿಸುವುದಿಲ್ಲ.

ಬಿಡಬಾರದ ಔಷಧಿಯೊಂದಿದೆ, ಜನ ಮರೆಯುವುದು ಅದನ್ನೇ. ಜಠರ ಪೂರ್ತಿ ಹೋದವರು ಆಹಾರದಿಂದ ವಿಟಮಿನ್ ಬಿ12 ಹೀರಿಕೊಳ್ಳಲಾರರು, ಅದಕ್ಕೆ ಬೇಕಾದ ವಸ್ತು ಜಠರದಲ್ಲೇ ತಯಾರಾಗುತ್ತಿತ್ತು. ಯಕೃತ್ತಿನಲ್ಲಿ ಕೂಡಿಟ್ಟದ್ದು ಕೆಲವು ವರ್ಷ ಬರುತ್ತದೆ. ಆಮೇಲೆ ಅಂಗಾಲು ಜೋಮು, ನಡಿಗೆ ತೂರಾಟ, ರಕ್ತಹೀನತೆ. ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಚುಚ್ಚುಮದ್ದು, ಇಲ್ಲವೇ ವೈದ್ಯರು ಒಪ್ಪಿದರೆ ದಿನಾ ಅಷ್ಟೇ ಪ್ರಮಾಣದ ಮಾತ್ರೆ, ಇದು ಜೀವನಪರ್ಯಂತ. ಕ್ಯಾಲ್ಸಿಯಂ ಬೇಕಾದರೆ ಕಾರ್ಬೊನೇಟಿಗಿಂತ ಸಿಟ್ರೇಟ್ ಮೇಲು, ಅದನ್ನು ಹೀರಿಕೊಳ್ಳಲು ಆಮ್ಲ ಬೇಡ. ಬೇಕಾದದ್ದನ್ನು ಮರೆತು ಬೇಡವಾದದ್ದನ್ನು ವರ್ಷಗಟ್ಟಲೆ ನುಂಗುವುದನ್ನು ಕಂಡಾಗ ಸಂಕಟವಾಗುತ್ತದೆ.

ಇದರಲ್ಲಿ ರೋಗಿಯನ್ನು ದೂಷಿಸಲು ಏನೂ ಇಲ್ಲ. ಹೊರರೋಗಿ ವಿಭಾಗದ ಆ ಜನಜಂಗುಳಿಯಲ್ಲಿ, ಬೆಳಗಿನ ಜಾವದ ಬಸ್ಸಿಗೆ ಬಂದು ಕೂತವರ ಸಾಲಿನಲ್ಲಿ, ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ಹಳೆಯ ಚೀಟಿಯ ಮೇಲೆ ‘ಮುಂದುವರಿಸಿ’ ಎಂದು ಬರೆಯುವುದು ಸುಲಭ. ಔಷಧಿ ಶುರು ಮಾಡಿದವರೊಬ್ಬರು, ಮುಂದುವರಿಸಿದವರು ಇನ್ನೊಬ್ಬರು, ನಿಲ್ಲಿಸಬೇಕಾದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಚಲನೆಯ ಔಷಧಿಯನ್ನು ಪರೀಕ್ಷಾರ್ಥವೆಂದು ತಿಳಿದೇ ಶುರು ಮಾಡಬೇಕು. ಆಯಾ ಔಷಧಿಗೆ ಹೇಳಿದ ಅವಧಿಯ ಮಿತಿಯೊಳಗೆ ಕೊಟ್ಟು ನೋಡಿ, ತಿನ್ನುವ ಪ್ರಮಾಣ, ವಾಂತಿ, ತೂಕ ಈ ಮೂರರಲ್ಲಿ ಸುಧಾರಣೆ ಕಂಡರಷ್ಟೇ ಮುಂದಿನ ಮಾತು. ಕಾಣದಿದ್ದರೆ ನಿಲ್ಲಿಸುವುದೇ ಚಿಕಿತ್ಸೆ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮ ಮನೆಯಲ್ಲಿ ಜಠರದ ಆಪರೇಷನ್ ಆದವರಿದ್ದರೆ ಡಿಸ್ಚಾರ್ಜ್ ಚೀಟಿಯ ಒಂದು ಪ್ರತಿಯನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಯಾವ ವೈದ್ಯರ ಬಳಿ ಹೋದರೂ ಮೊದಲು ಅದನ್ನು ತೋರಿಸಿ. ಮುಂದಿನ ಭೇಟಿಗೆ ಎಲ್ಲ ಸ್ಟ್ರಿಪ್ಪುಗಳನ್ನೂ ಒಂದೇ ಚೀಲದಲ್ಲಿ ಒಯ್ಯಿರಿ. ‘ಡಾಕ್ಟ್ರೇ, ಇದು ಯಾವುದಕ್ಕೆ, ಎಂದಿಗೆ ನಿಲ್ಲಿಸಬೇಕು’ ಎಂದು ಕೇಳಿ, ನಿಲ್ಲಿಸುವ ದಿನಾಂಕವನ್ನು ಚೀಟಿಯ ಮೇಲೆ ಬರೆಸಿಕೊಳ್ಳಿ. ನೀವಾಗಿ ಯಾವ ಮಾತ್ರೆಯನ್ನೂ ಬಿಡಬೇಡಿ, ಸೇರಿಸಲೂ ಬೇಡಿ. ನಿಲ್ಲದ ವಾಂತಿ, ಇದ್ದಕ್ಕಿದ್ದಂತೆ ಹೊಟ್ಟೆ ನೋವು, ಗಾಳಿಯೂ ಹೋಗದ ಉಬ್ಬರ, ನುಂಗಲು ಕಷ್ಟ, ಕಪ್ಪು ಮಲ, ಇವುಗಳಲ್ಲಿ ಯಾವುದೊಂದು ಕಂಡರೂ ಮೆಡಿಕಲ್ ಶಾಪಿಗೆ ಹೋಗದೆ ಅಂದೇ ಆಸ್ಪತ್ರೆಗೆ ಹೋಗಿ.